ಸೂರ್ಯನ ಏರಿಳಿತ ಅಳೆದ ಶಿಕ್ಷಕಿ

ಶಾಲೆಯಲ್ಲಿ ನಾವು ಕಲಿತಂತೆ ಸೂರ್ಯನೆಂದರೆ ಬೆಳಕು ಮತ್ತು ಶಾಖ. ಆದರೆ ಸೂರ್ಯ ರೇಡಿಯೊ ಅಲೆಗಳನ್ನೂ ಸೂಸುತ್ತಾನೆ. ದೊಡ್ಡ ಸೌರಕಲೆಗಳು ಮೂಡಿದ ದಿನಗಳಲ್ಲಿ ಅವುಗಳ ಪ್ರಖರತೆ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಈ ಏರಿಳಿತವನ್ನು ಅಳೆದ ಮೊದಲಿಗರಲ್ಲಿ ಆಸ್ಟ್ರೇಲಿಯಾದ ರೂಬಿ ಪೇನ್-ಸ್ಕಾಟ್ ಒಬ್ಬರು. ಅವರು ಶಾಲಾ ಶಿಕ್ಷಕಿಯೂ ಆಗಿದ್ದರು. ಈ ಸಂಚಿಕೆಗೆ ಅವರ ಬದುಕನ್ನು ಆರಿಸಿಕೊಂಡದ್ದು ಅದಕ್ಕಾಗಿಯೇ.

ರೂಬಿ ಹುಟ್ಟಿದ್ದು 1912ರ ಮೇ 28ರಂದು, ನ್ಯೂ ಸೌತ್ ವೇಲ್ಸ್‌ನ ಗ್ರಾಫ್ಟನ್‌ನಲ್ಲಿ. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಓದಿದರೂ ಹೆಣ್ಣುಮಕ್ಕಳಿಗೆ ಆ ಕ್ಷೇತ್ರದಲ್ಲಿ ಕೆಲಸ ಸಿಗುವುದು ಕಷ್ಟವಿತ್ತು. ಸ್ವಲ್ಪ ಕಾಲ ಪಾಠ ಹೇಳಿದರು. 1941ರಲ್ಲಿ, ಯುದ್ಧದ ದಿನಗಳಲ್ಲಿ, ಸರ್ಕಾರದ ರೇಡಿಯೊ ಭೌತವಿಜ್ಞಾನ ಪ್ರಯೋಗಾಲಯ ಸೇರಿ ರೇಡಾರ್ ಕೆಲಸದಲ್ಲಿ ಪಳಗಿದರು.

ಯುದ್ಧ ಮುಗಿದ ಮೇಲೆ ಅದೇ ಉಪಕರಣಗಳು ಆಕಾಶದ ಕಡೆ ತಿರುಗಿದವು. 1946ರ ಆರಂಭದಲ್ಲಿ ಸಿಡ್ನಿಯ ಡೋವರ್ ಹೈಟ್ಸ್ ಕಡಲ ಬಂಡೆಯ ಮೇಲೆ ರೂಬಿ ಮತ್ತು ಸಂಗಡಿಗರು ಸೂರ್ಯೋದಯಕ್ಕೆ ಕಾದರು. ನೇರವಾಗಿ ಬಂದ ಅಲೆ, ಸಮುದ್ರದ ನೀರಿಗೆ ತಾಗಿ ಪ್ರತಿಫಲಿಸಿದ ಅಲೆ, ಎರಡನ್ನೂ ಒಂದೇ ಆಂಟೆನಾ ಹಿಡಿಯಿತು. ಎರಡೂ ಬೆರೆತು ಉಂಟಾದ ಏರಿಳಿತದ ಲೆಕ್ಕದಿಂದ, ಪ್ರಖರ ಅಲೆಗಳು ಇಡೀ ಸೂರ್ಯಬಿಂಬದಿಂದಲ್ಲ, ಸೌರಕಲೆಗಳ ಭಾಗದಿಂದ ಬರುತ್ತಿವೆ ಎಂದು ತಿಳಿಯಿತು.

1947ರ ಮಾರ್ಚ್‌ನಲ್ಲಿ ಒಂದು ಭಾರಿ ಸ್ಫೋಟದ ಅಲೆಗಳು ಮೊದಲು 200, ಆಮೇಲೆ 100, ಕೊನೆಗೆ 60 ಮೆಗಾಹರ್ಟ್ಸ್‌ನಲ್ಲಿ, ನಡುನಡುವೆ ನಿಮಿಷಗಳ ಅಂತರದಲ್ಲಿ ಕಾಣಿಸಿಕೊಂಡವು. ಏನೋ ಒಂದು ಸೂರ್ಯನಿಂದ ಹೊರಕ್ಕೆ ಧಾವಿಸುತ್ತಿದೆ ಎಂಬುದಕ್ಕೆ ಅದು ಸುಳಿವು.

ಆ ಓಟವನ್ನು ಹಿಡಿಯಲು ರೂಬಿ ಮತ್ತು ಅಲೆಕ್ ಲಿಟಲ್ ಪಾಟ್ಸ್ ಹಿಲ್‌ನಲ್ಲಿ ಹೊಸ ಉಪಕರಣ ಕಟ್ಟಿದರು. 97 ಮೆಗಾಹರ್ಟ್ಸ್‌ನಲ್ಲಿ ಅದು ಸೆಕೆಂಡಿಗೆ 25 ಬಾರಿ ಸ್ಫೋಟದ ಸ್ಥಾನ ಗುರುತಿಸುತ್ತಿತ್ತು. ಧ್ರುವೀಕರಣವನ್ನೂ ಅಳೆಯುತ್ತಿತ್ತು. ತಿರುಪುಮೊಳೆ ತಿರುಗುತ್ತಾ ಮರದೊಳಗೆ ಹೋಗುತ್ತದಲ್ಲ, ಹಾಗೆ ಕೆಲವು ಅಲೆಗಳ ಕಂಪನ ತಿರುಗುತ್ತಾ ಸಾಗುತ್ತದೆ; ಅದು ಬಲಕ್ಕೋ ಎಡಕ್ಕೋ ಎಂಬುದೇ ಪ್ರಶ್ನೆ. ಆ ದಿಕ್ಕಿಗೂ ಕೆಳಗಿನ ದೊಡ್ಡ ಸೌರಕಲೆಯ ಕಾಂತಧ್ರುವಕ್ಕೂ ಸಂಬಂಧವಿದೆ ಎಂದು ಅವರ ಅಳತೆಗಳು ತೋರಿಸಿದವು. ನಮ್ಮ ಗೌರಿಬಿದನೂರಿನ ಬಳಿಯ ಆಂಟೆನಾಗಳು ಇಂದಿಗೂ ಸೂರ್ಯನ ಇಂಥ ಅಲೆಗಳನ್ನೇ ಗಮನಿಸುತ್ತಿವೆ.

ಆದರೆ ರೂಬಿ ಒಂದು ಗುಟ್ಟು ಮುಚ್ಚಿಟ್ಟಿದ್ದರು. 1944ರಲ್ಲೇ ಬಿಲ್ ಹಾಲ್ ಅವರನ್ನು ಮದುವೆಯಾಗಿದ್ದರು. ವಿವಾಹಿತ ಸ್ತ್ರೀಗೆ ಸರ್ಕಾರದ ಕಾಯಂ ಹುದ್ದೆ ಇಲ್ಲವೆಂಬುದು ಅಲ್ಲಿನ ನಿಯಮ. ಇಂದು ಕೇಳಿದರೆ ನಗು ಬರಬಹುದು. ಅವರಿಗೆ ಅದು ಅನ್ನದ ಪ್ರಶ್ನೆಯಾಗಿತ್ತು. 1950ರಲ್ಲಿ ವಿಷಯ ಹೊರಬಿತ್ತು. ಅಧಿಕಾರಿಗಳೊಂದಿಗೆ ವಾದಿಸಿದರೂ ಕಾಯಂ ಹುದ್ದೆ ಉಳಿಯಲಿಲ್ಲ. ಹೆರಿಗೆ ರಜೆಯೂ ಇರಲಿಲ್ಲ. 1951ರಲ್ಲಿ, ಮಗುವಿನ ನಿರೀಕ್ಷೆಯಲ್ಲಿದ್ದಾಗ, ಪ್ರಯೋಗಾಲಯ ಬಿಟ್ಟರು. ಮಗ ಪೀಟರ್ ಮುಂದೆ ಹೆಸರಾಂತ ಸಂಖ್ಯಾಶಾಸ್ತ್ರಜ್ಞರಾದರು, ಮಗಳು ಫಿಯೋನಾ ಕಲಾವಿದೆ.

1963ರಿಂದ 1974ರವರೆಗೆ ರೂಬಿ ಸಿಡ್ನಿಯ ಡೇನ್‌ಬ್ಯಾಂಕ್ ಬಾಲಕಿಯರ ಶಾಲೆಯಲ್ಲಿ ಪಾಠ ಹೇಳಿದರು. ವಿವಾಹಿತೆಯರ ಮೇಲಿನ ಆ ನಿರ್ಬಂಧ 1966ರಲ್ಲಿ ರದ್ದಾದಾಗ ಅವರು ಅಲ್ಲೇ, ತರಗತಿಯಲ್ಲಿ, ಮಕ್ಕಳ ಮುಂದೆ ಇದ್ದರು. 1981ರ ಮೇ 25ರಂದು ತೀರಿಕೊಂಡರು.