ತಾನೇ ಬೀಳುವ ಬ್ರೇಕಿನ ಹಿಂದಿನ ಮನುಷ್ಯ ಜಾರ್ಜ್ ವೆಸ್ಟಿಂಗ್‌ಹೌಸ್

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಬಸ್ ನಿಲ್ದಾಣ ಯಾವುದಾದರೂ ಸರಿ, ನಸುಕಿನ ಮೊದಲ ಬಸ್ಸಿಗೆ ಹತ್ತಿ ಕುಳಿತವರಿಗೆ ಈ ಅನುಭವ ಹೊಸದಲ್ಲ. ಚಾಲಕರು ಎಂಜಿನ್ ಚಾಲೂ ಮಾಡಿರುತ್ತಾರೆ, ಬಸ್ಸು ಮಾತ್ರ ಕದಲುವುದಿಲ್ಲ. ಹೊತ್ತಾಯಿತೆಂದು ಪ್ರಯಾಣಿಕರು ಗೊಣಗುತ್ತಾರೆ. ಚಾಲಕರ ಕಣ್ಣು ಎದುರಿನ ಮಾಪಕದ ಮುಳ್ಳಿನ ಮೇಲಿರುತ್ತದೆ. ಟ್ಯಾಂಕಿನಲ್ಲಿ ಗಾಳಿಯ ಒತ್ತಡ ಸಾಕಷ್ಟು ಏರುವವರೆಗೆ ಆ ಬಸ್ಸು ಹೊರಡಲಾರದು.

ಬ್ರೇಕ್ ಹಾಕಲು ಗಾಳಿ ಬೇಕು ಎಂದೇ ಬಹುಮಂದಿ ತಿಳಿದಿದ್ದಾರೆ. ನಿಂತ ಬಸ್ಸಿನ ಮಟ್ಟಿಗೆ ಸಂಗತಿ ತಿರುವುಮುರುವು. ಅಲ್ಲಿ ಗಾಳಿ ಬೇಕಾಗಿರುವುದು ಬ್ರೇಕ್ ಬಿಡಿಸಲು. ಹಿಂದಿನ ಚಕ್ರಗಳ ಬಳಿ ಇರುವ ಬಲವಾದ ಸ್ಪ್ರಿಂಗ್ ಸದಾ ಬ್ರೇಕನ್ನು ಒತ್ತಿಯೇ ಹಿಡಿದಿರುತ್ತದೆ. ಗಾಳಿಯ ಒತ್ತಡ ಅದನ್ನು ಹಿಂದಕ್ಕೆ ತಳ್ಳಿದಾಗ ಮಾತ್ರ ಚಕ್ರಕ್ಕೆ ಬಿಡುಗಡೆ. ಕೊಳವೆ ಒಡೆದು ಗಾಳಿ ಸೋರಿಹೋಯಿತೆನ್ನಿ, ಬ್ರೇಕ್ ತಾನಾಗಿಯೇ ಬೀಳುತ್ತದೆ. ಎಂಜಿನ್ ಆರಿಸಿದೊಡನೆ ತಾನೇ ಪಾರ್ಕಿಂಗ್ ಬ್ರೇಕ್ ಹಾಕಿಕೊಳ್ಳುವ ಇಂದಿನ ಕಾರುಗಳ ಹಿಂದೆಯೂ ಇದೇ ಆಸೆಯಿದೆ: ಮನುಷ್ಯ ಮರೆತರೂ ಗಾಡಿ ಉರುಳಬಾರದು. ಈ ಆಸೆಯನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಕಬ್ಬಿಣಕ್ಕೆ ಇಳಿಸಿದವರಲ್ಲಿ ಅಗ್ರಗಣ್ಯರು ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್.

1846ರ ಅಕ್ಟೋಬರ್ 6ರಂದು ನ್ಯೂಯಾರ್ಕ್ ರಾಜ್ಯದ ಸೆಂಟ್ರಲ್ ಬ್ರಿಜ್ ಎಂಬ ಹಳ್ಳಿಯಲ್ಲಿ ಅವರು ಜನಿಸಿದರು. ತಂದೆ ಕೃಷಿ ಯಂತ್ರಗಳನ್ನು ತಯಾರಿಸುವವರು. ಮುಂದೆ ಸ್ಕೆನೆಕ್ಟಡಿ ಪಟ್ಟಣದಲ್ಲಿ ನೆಲೆಸಿ ಕಾರ್ಖಾನೆ ನಡೆಸಿದರು. ಬಾಲಕನಿಗೆ ಶಾಲೆಗಿಂತ ಆ ಕಾರ್ಖಾನೆಯೇ ಪ್ರಿಯವಾಯಿತು. ಹದಿಹರೆಯದಲ್ಲೇ ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯ ಸೇರಿ, ಅನಂತರ ನೌಕಾಪಡೆಯಲ್ಲಿ ಎಂಜಿನಿಯರ್ ಆಗಿ ದುಡಿದು ಮರಳಿದರು. ಯೂನಿಯನ್ ಕಾಲೇಜಿನಲ್ಲಿ ಕೆಲವು ತಿಂಗಳು ಕುಳಿತು ಎದ್ದು ಬಂದರು. 1865ರಲ್ಲಿ, 19ನೇ ವಯಸ್ಸಿಗೆ, ಉಗಿಯಂತ್ರವೊಂದಕ್ಕೆ ಮೊದಲ ಪೇಟೆಂಟ್ ದೊರೆಯಿತು.

ಅವರ ಬದುಕಿನ ದಾರಿಯನ್ನು ನಿರ್ಧರಿಸಿದ್ದು ಒಂದು ಅಪಘಾತ. ಸ್ಕೆನೆಕ್ಟಡಿ ಮತ್ತು ಟ್ರಾಯ್ ನಡುವೆ ಎರಡು ಸರಕು ರೈಲುಗಳು ಮುಖಾಮುಖಿ ಡಿಕ್ಕಿಯಾಗಿದ್ದವು. ಹಗಲು ಹೊತ್ತು, ನೇರ ಹಳಿ. ಇಬ್ಬರು ಚಾಲಕರೂ ಪರಸ್ಪರರ ರೈಲನ್ನು ಕಂಡಿದ್ದರು. ಕಂಡರೂ ನಿಲ್ಲಿಸಲಾಗಲಿಲ್ಲ. ಆಗಿನ ಪದ್ಧತಿ ಹಾಗಿತ್ತು: ಎಂಜಿನ್ನಿನಿಂದ ಶಿಳ್ಳೆ ಕೇಳಿಸಿದೊಡನೆ ಬ್ರೇಕ್‌ಮನ್‌ಗಳು ಒಂದೊಂದೇ ಡಬ್ಬಿಗೆ ಓಡಿ, ಕೈಯಿಂದ ಗಾಲಿ ತಿರುಗಿಸಿ ಬ್ರೇಕ್ ಬಿಗಿಯಬೇಕು. ಸರಕು ರೈಲಿನಲ್ಲಾದರೆ ಡಬ್ಬಿಗಳ ಮಾಳಿಗೆಯ ಮೇಲೆಯೇ ಓಡಾಟ. ಹಿಮಗಾಲದಲ್ಲಿ ಜಾರಿ ಬಿದ್ದು ಸತ್ತವರ, ಕೈಕಾಲು ಕಳೆದುಕೊಂಡವರ ಲೆಕ್ಕ ದೊಡ್ಡದು. ಇಡೀ ರೈಲಿನ ಬ್ರೇಕ್ ಚಾಲಕನೊಬ್ಬನ ಕೈಯಲ್ಲಿರಬೇಕು ಎಂದು ತರುಣ ವೆಸ್ಟಿಂಗ್‌ಹೌಸ್‌ಗೆ ಹೊಳೆದದ್ದು ಆ ಅಪಘಾತದ ಬಳಿಕ.

ಮೊದಲು ಸರಪಳಿಯ ಯೋಚನೆ ಬಂತು, ಬಳಿಕ ಉಗಿಯದು. ಎರಡೂ ನಡೆಯುವಂತಿರಲಿಲ್ಲ. ಉದ್ದನೆಯ ಕೊಳವೆಯಲ್ಲಿ ಹರಿಯುವ ಉಗಿ ಚಳಿಗೆ ನೀರಾಗಿಬಿಡುತ್ತಿತ್ತು. ಉತ್ತರ ದೊರೆತದ್ದು ಪತ್ರಿಕೆಯೊಂದರ ಲೇಖನದಲ್ಲಿ. ಆಲ್ಪ್ಸ್ ಪರ್ವತದ ಮಾಂ ಸೆನಿ ಸುರಂಗವನ್ನು ಕೊರೆಯುತ್ತಿದ್ದವರು ಒತ್ತಿದ ಗಾಳಿಯನ್ನು ಕೊಳವೆಯ ಮೂಲಕ ಬಹುದೂರ ಸಾಗಿಸಿ ಬಂಡೆ ಕೊರೆಯುವ ಯಂತ್ರ ನಡೆಸುತ್ತಿದ್ದರು. ಗಾಳಿ ಚಳಿಗೆ ನೀರಾಗುವುದಿಲ್ಲ.

1869ರ ಏಪ್ರಿಲ್‌ನಲ್ಲಿ ಗಾಳಿ ಬ್ರೇಕಿಗೆ ಪೇಟೆಂಟ್ ದೊರೆಯಿತು. ಪಿಟ್ಸ್‌ಬರ್ಗ್ ಬಳಿ ನಡೆದ ಪರೀಕ್ಷಾ ಓಟದಲ್ಲಿ ರೈಲು ಸುರಂಗದಿಂದ ಹೊರಬಂದಾಗ ಹಳಿ ದಾಟುವ ಜಾಗದಲ್ಲಿ ಕುದುರೆ ಗಾಡಿಯೊಂದು ಅಡ್ಡವಾಗಿತ್ತು. ಬೆದರಿದ ಕುದುರೆ ಗಾಡಿಯವನನ್ನು ಹಳಿಯ ಮೇಲೆ ಕೆಡವಿತು. ಚಾಲಕ ಹೊಸ ಬ್ರೇಕ್ ಹಾಕಿದ, ರೈಲು ಕೆಲವೇ ಅಡಿಗಳ ಅಂತರದಲ್ಲಿ ನಿಂತಿತು. ರೈಲಿನೊಳಗಿದ್ದ ಅಧಿಕಾರಿಗಳಿಗೆ ಬೇರೆ ಪುರಾವೆ ಬೇಕಾಗಲಿಲ್ಲ. ಅದೇ ವರ್ಷ ವೆಸ್ಟಿಂಗ್‌ಹೌಸ್ ಏರ್ ಬ್ರೇಕ್ ಕಂಪನಿ ಸ್ಥಾಪನೆಯಾಯಿತು. ಸ್ಥಾಪಕನಿಗೆ ಆಗಿನ್ನೂ 22 ವರ್ಷ.

ಅಲ್ಲಿಗೇ ನಿಂತಿದ್ದರೆ ಇಂದು ಅವರನ್ನು ನೆನೆಯಲು ಹೆಚ್ಚಿನ ಕಾರಣ ಇರುತ್ತಿರಲಿಲ್ಲ. ಆ ಮೊದಲ ಬ್ರೇಕಿನಲ್ಲಿ ದೊಡ್ಡ ದೋಷವಿತ್ತು. ಬ್ರೇಕ್ ಬೀಳಲು ಎಂಜಿನ್ನಿನಿಂದ ಗಾಳಿ ಬರಬೇಕು. ನಡುವೆ ಕೊಳವೆ ಹರಿದರೆ, ಡಬ್ಬಿಗಳು ಕಳಚಿಕೊಂಡರೆ ಗಾಳಿಯಿಲ್ಲ, ಬ್ರೇಕೂ ಇಲ್ಲ. ಬೇಕೇಬೇಕಾದ ಗಳಿಗೆಯಲ್ಲಿಯೇ ಕೈಕೊಡುವ ಬ್ರೇಕು ಅದು. ವೆಸ್ಟಿಂಗ್‌ಹೌಸ್ 1872ರ ಹೊತ್ತಿಗೆ ಇಡೀ ಏರ್ಪಾಟನ್ನು ತಲೆಕೆಳಗು ಮಾಡಿದರು. ಪ್ರತಿ ಡಬ್ಬಿಗೂ ತನ್ನದೇ ಗಾಳಿಯ ಟ್ಯಾಂಕು, ಜೊತೆಗೆ ತ್ರಿವಳಿ ಕವಾಟ. ರೈಲಿನುದ್ದಕ್ಕೂ ಸಾಗುವ ಕೊಳವೆಯಲ್ಲಿ ಒತ್ತಡ ಇರುವಷ್ಟು ಹೊತ್ತು ಬ್ರೇಕ್ ಬಿಟ್ಟಿರುತ್ತದೆ. ಒತ್ತಡ ಇಳಿದರೆ ಕವಾಟ ತೆರೆದು, ಡಬ್ಬಿಯ ಟ್ಯಾಂಕಿನ ಗಾಳಿಯೇ ನುಗ್ಗಿ ಬ್ರೇಕ್ ಒತ್ತುತ್ತದೆ. ಹಾವೇರಿ, ಯಲವಿಗಿ ಮಾರ್ಗವಾಗಿ ಹುಬ್ಬಳ್ಳಿಗೆ ಸಾಗುವ ಇಂದಿನ ರೈಲಿನಲ್ಲಿ ಯಾರಾದರೂ ಅಪಾಯದ ಸರಪಳಿ ಎಳೆದಾಗ ನಡೆಯುವುದೂ ಇದೇ: ಕೊಳವೆಯ ಗಾಳಿ ಹೊರಹೋಗುತ್ತದೆ, ಬ್ರೇಕ್ ಬೀಳುತ್ತದೆ.

ಈ ತಲೆಕೆಳಗಿನ ಬೆಲೆ ಲೋಕಕ್ಕೆ ಮನದಟ್ಟಾಗಲು ಮಕ್ಕಳ ಜೀವ ಹೋಗಬೇಕಾಯಿತು. 1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾದಲ್ಲಿ ಮಕ್ಕಳನ್ನು ವಿಹಾರಕ್ಕೆ ಒಯ್ಯುತ್ತಿದ್ದ ರೈಲು ಏರು ಹತ್ತಲಾರದೆ ನಿಂತಿತು. ರೈಲನ್ನು ಎರಡಾಗಿ ಒಡೆದು, ಮುಂದಿನ ಭಾಗವನ್ನು ಮೊದಲು ಒಯ್ಯಲು ಸಿಬ್ಬಂದಿ ಮುಂದಾದರು. ಅದರದು ತಾನೇ ಬೀಳುವ ಬ್ರೇಕಲ್ಲ, ಕೊಂಡಿ ಕಳಚಿದೊಡನೆ ಹಿಂದಿನ ಡಬ್ಬಿಗಳ ಬ್ರೇಕ್ ಹೋಯಿತು. ಉಳಿದದ್ದು ಗಾರ್ಡ್ ಕೈಯ ಬ್ರೇಕು, ಗಾಲಿಗೆ ಕೊಟ್ಟ ಕಲ್ಲು. ಎಂಜಿನ್ ತುಸು ಹಿಂದೆ ತಳ್ಳಿದ್ದೇ ತಡ, ಕಲ್ಲು ಪುಡಿಯಾಗಿ ಡಬ್ಬಿಗಳು ಇಳಿಜಾರಿನಲ್ಲಿ ಉರುಳಿ ಹಿಂದಿನಿಂದ ಬರುತ್ತಿದ್ದ ರೈಲಿಗೆ ಬಡಿದವು. ಸುಮಾರು 80 ಮಂದಿ ಸತ್ತರು. ಅದೇ ವರ್ಷ ಬ್ರಿಟಿಷ್ ಸಂಸತ್ತು ಪ್ರಯಾಣಿಕ ರೈಲುಗಳಿಗೆ ತಾನೇ ಬೀಳುವ ಬ್ರೇಕನ್ನು ಕಡ್ಡಾಯಗೊಳಿಸಿತು. ಅಮೆರಿಕದಲ್ಲಿ ಕಾನೂನು ಬಂದದ್ದು 1893ರಲ್ಲಿ. ಅದಕ್ಕೂ ಮುನ್ನ ಬರ್ಲಿಂಗ್‌ಟನ್‌ನಲ್ಲಿ 50 ಡಬ್ಬಿಗಳ ಸರಕು ರೈಲಿನ ಪರೀಕ್ಷೆಯಲ್ಲಿ ವೆಸ್ಟಿಂಗ್‌ಹೌಸ್ ಬ್ರೇಕೇ ಸೋತಿತ್ತು. ಮುಂದಿನ ಡಬ್ಬಿ ನಿಂತರೂ ಹಿಂದಿನವು ಬಂದು ಗುದ್ದುತ್ತಿದ್ದವು. ಅವರು ಕವಾಟವನ್ನು ಮತ್ತೆ ರೂಪಿಸಿ 1887ರಲ್ಲಿ ಗೆದ್ದರು.

ಅವರ ಇನ್ನೊಂದು ಸಾಹಸ ಇದಕ್ಕಿಂತ ಹೆಚ್ಚು ಪ್ರಸಿದ್ಧ. 1888ರಲ್ಲಿ ನಿಕೋಲಾ ಟೆಸ್ಲಾ ಅವರ ಪೇಟೆಂಟ್‌ಗಳನ್ನು ಪಡೆದು, ಎಡಿಸನ್ ಪಕ್ಷದ ವಿರೋಧದ ನಡುವೆಯೂ ಪರ್ಯಾಯ ವಿದ್ಯುತ್ತನ್ನು ಬೆಳೆಸಿದರು. 1893ರ ಷಿಕಾಗೋ ವಸ್ತುಪ್ರದರ್ಶನ ಬೆಳಗಿದ್ದು, ನಯಾಗರಾದಿಂದ ವಿದ್ಯುತ್ ಹೊರಟದ್ದು ಅದರಿಂದಲೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದದ್ದೂ ಪರ್ಯಾಯ ವಿದ್ಯುತ್ತೇ. ತಮ್ಮ ಕಾರ್ಮಿಕರಿಗೆ 1881ರಲ್ಲೇ ಶನಿವಾರ ಅರ್ಧ ದಿನದ ರಜೆ ಕೊಟ್ಟ ಮಾಲೀಕ ಅವರು. 1907ರ ಹಣಕಾಸು ಬಿಕ್ಕಟ್ಟಿನಲ್ಲಿ ವಿದ್ಯುತ್ ಕಂಪನಿಯ ಹಿಡಿತ ಕೈತಪ್ಪಿತು. ಕೊನೆಗಾಲದಲ್ಲಿ ಮೋಟಾರು ಕಾರಿನ ಕುಲುಕಾಟ ತಗ್ಗಿಸುವ ಗಾಳಿ ಸ್ಪ್ರಿಂಗ್ ಹಿಡಿದು ಕುಳಿತಿದ್ದರು. 1914ರ ಮಾರ್ಚ್ 12ರಂದು ನಿಧನರಾದಾಗ ಅವರ ಹೆಸರಿನಲ್ಲಿ 361 ಪೇಟೆಂಟ್‌ಗಳಿದ್ದವು. ಮಾಜಿ ಯೋಧರೆಂಬ ನೆಲೆಯಲ್ಲಿ ಆರ್ಲಿಂಗ್‌ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಆದರೆ ಅವರ ಬ್ರೇಕಿಗೂ ಒಂದು ಮಿತಿಯಿದೆ. ಡಬ್ಬಿಯ ಟ್ಯಾಂಕಿನ ಗಾಳಿಯೂ ಗಂಟೆಗಳು ಕಳೆದಂತೆ ಸೋರುತ್ತದೆ. ಓಡುವ ರೈಲನ್ನು ಅದು ನಿಲ್ಲಿಸುತ್ತದೆ, ನಿಂತ ರೈಲನ್ನು ಇರುಳೆಲ್ಲ ಹಿಡಿದಿರುತ್ತದೆಂಬ ಭರವಸೆಯಿಲ್ಲ. 2013ರ ಜುಲೈ 6ರಂದು ಕೆನಡಾದ ಲಾಕ್ ಮೆಗಾಂಟಿಕ್ ಪಟ್ಟಣಕ್ಕೆ ಉರುಳಿ ಬಂದು 47 ಜನರನ್ನು ಬಲಿ ತೆಗೆದುಕೊಂಡ ತೈಲ ರೈಲು ಇಳಿಜಾರಿನಲ್ಲಿ ನಿಲ್ಲಿಸಿಟ್ಟದ್ದು. ಬೆಂಕಿ ಹೊತ್ತಿದ್ದರಿಂದ ಎಂಜಿನ್ ಆರಿಸಲಾಗಿತ್ತು, ಗಾಳಿ ಸೋರಿತು, ಕೈಬ್ರೇಕುಗಳನ್ನು ಸಾಕಷ್ಟು ಬಿಗಿದಿರಲಿಲ್ಲ. ನಮ್ಮ ಬಸ್ಸು, ಲಾರಿಗಳಲ್ಲಿ ಗಾಳಿಯ ಬದಲು ಸ್ಪ್ರಿಂಗ್ ಹಿಡಿದಿರುವುದು ಈ ಕಾರಣಕ್ಕೇ. ಸ್ಪ್ರಿಂಗ್ ಸೋರುವುದಿಲ್ಲ.

2001ರ ಸುಮಾರಿಗೆ ಐರೋಪ್ಯ ಕಾರುಗಳಲ್ಲಿ ಕಾಣಿಸಿಕೊಂಡು ಈಗ ನಮ್ಮಲ್ಲೂ ಸಾಮಾನ್ಯವಾಗುತ್ತಿರುವ ವಿದ್ಯುತ್ ಪಾರ್ಕಿಂಗ್ ಬ್ರೇಕ್ ಮತ್ತೊಂದು ಬಗೆಯದು. ಪುಟ್ಟ ಮೋಟಾರು ಸ್ಕ್ರೂ ತಿರುಗಿಸಿ ಹಿಂದಿನ ಬ್ರೇಕನ್ನು ಬಿಗಿಯುತ್ತದೆ, ಬಿಗಿದ ಮೇಲೆ ಕರೆಂಟಿಲ್ಲದೆಯೂ ಅದು ಹಾಗೆಯೇ ನಿಲ್ಲುತ್ತದೆ. ಬಿಗಿಯಲು ಮಾತ್ರ ಕರೆಂಟು ಬೇಕು. ಆ ಮಟ್ಟಿಗೆ ಇದು ವೆಸ್ಟಿಂಗ್‌ಹೌಸ್ ದಾರಿಯನ್ನು ಬಿಟ್ಟಿದೆ. ಬಿಡಿಸಲೂ ಕರೆಂಟು ಬೇಕು. ಬ್ಯಾಟರಿ ಸತ್ತ ಅಂಥ ಕಾರನ್ನು ನಾಲ್ಕು ಜನ ಸೇರಿ ತಳ್ಳಿದರೂ ಜರುಗುವುದಿಲ್ಲ. ಎಳೆದೊಯ್ಯಲು ಬಂದ ಮೆಕ್ಯಾನಿಕ್ ಸಾಮಾನ್ಯವಾಗಿ ಮೊದಲು ಬಾನೆಟ್ ತೆರೆದು ಬೇರೆ ಬ್ಯಾಟರಿಯಿಂದ ವೈರು ಕೊಡುತ್ತಾನೆ.