ಆಕಾಶದಲ್ಲಿ ಪೆಟ್ರೋಲ್ ಬಂಕ್ ತೆರೆದವನು

ಅಲನ್ ಕೋಬಮ್ ಅನ್ನೋ ಹೆಸರು ಇವತ್ತು ನಮ್ಮ ಏರೋನಾಟಿಕಲ್ ಬ್ರಾಂಚಿನ ಗೆಳೆಯರಿಗೂ ಅಷ್ಟಾಗಿ ಪರಿಚಯ ಇರಲಿಕ್ಕಿಲ್ಲ. ಆದರೆ 1926ರ ಇಂಗ್ಲೆಂಡಿನಲ್ಲಿ ಈತನ ಹೆಸರು ಮಕ್ಕಳ ಬಾಯಲ್ಲೂ ಇತ್ತು. ಆ ವರ್ಷ ಅಕ್ಟೋಬರ್ 1ರಂದು ಆಸ್ಟ್ರೇಲಿಯಾಕ್ಕೆ ಹೋಗಿ ವಾಪಸ್ ಬಂದ ಈತ ತನ್ನ ವಿಮಾನವನ್ನು ಇಳಿಸಿದ್ದು ಯಾವುದೋ ಏರ್‌ಪೋರ್ಟಿನಲ್ಲಲ್ಲ, ಲಂಡನ್ನಿನ ಪಾರ್ಲಿಮೆಂಟ್ ಕಟ್ಟಡದ ಎದುರಿಗೇ, ಥೇಮ್ಸ್ ನದಿಯ ನೀರಿನ ಮೇಲೆ! ನೋಡೋಕೆ ಜನಸಾಗರವೇ ಸೇರಿತ್ತು. ಅದೇ ವರ್ಷ ಸರ್ ಪದವಿಯೂ ಸಿಕ್ಕಿತು.

ಇಷ್ಟೇ ಆಗಿದ್ದರೆ ಈತನೂ ಆ ಕಾಲದ ಹತ್ತಾರು ಸಾಹಸಿ ಪೈಲಟ್‌ಗಳಲ್ಲಿ ಒಬ್ಬನಾಗಿ ಉಳಿದುಬಿಡುತ್ತಿದ್ದ. ನಮಗೆ ಈತ ಬೇಕಾಗಿರೋದು ಬೇರೆ ಕಾರಣಕ್ಕೆ. ಹಾರುತ್ತಿರುವ ವಿಮಾನಕ್ಕೆ ಇನ್ನೊಂದು ವಿಮಾನದಿಂದ ಇಂಧನ ತುಂಬಿಸೋ ಕೆಲಸವನ್ನೇ ವ್ಯಾಪಾರ ಮಾಡಿಕೊಂಡು, ಅದಕ್ಕಾಗಿಯೇ ಒಂದು ಖಾಸಗಿ ಕಂಪನಿ ಕಟ್ಟಿ, ಗಿರಾಕಿ ಸಿಗದೆ ವರ್ಷಗಟ್ಟಲೆ ಕಾದವನು ಈತ. ಕೊನೆಗೆ ಗಿರಾಕಿ ಸಿಕ್ಕಿದ. ಆದರೆ ಈತ ಎದುರು ನೋಡುತ್ತಿದ್ದ ಗಿರಾಕಿ ಅವನಾಗಿರಲಿಲ್ಲ.

ಹುಟ್ಟಿದ್ದು 1894ರಲ್ಲಿ, ಲಂಡನ್ನಿನಲ್ಲಿ. ಮೊದಲ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸೇರಿದ್ದು ಪೈಲಟ್ ಆಗಿ ಅಲ್ಲ, ಕುದುರೆಗಳನ್ನು ನೋಡಿಕೊಳ್ಳುವ ಪಶುವೈದ್ಯ ದಳಕ್ಕೆ. ಯುದ್ಧದ ಕೊನೆಯ ಹೊತ್ತಿಗೆ ವಿಮಾನದಳಕ್ಕೆ ಬಂದು ಹಾರಾಟ ಕಲಿತು, ಕಲಿಸುವವನೂ ಆದ. ಯುದ್ಧ ಮುಗಿದ ಮೇಲೆ ಊರೂರು ತಿರುಗಿ, ಹೊಲದಲ್ಲಿ ವಿಮಾನ ನಿಲ್ಲಿಸಿ, ದುಡ್ಡು ಕೊಟ್ಟವರನ್ನು ಒಂದು ಸುತ್ತು ಹಾರಿಸಿಕೊಂಡು ಬರೋ ಕೆಲಸ. ನಮ್ಮ ಜಾತ್ರೆಯ ತೊಟ್ಟಿಲಿನ ಹಾಗೆ ಅಂದ್ಕೊಳ್ಳಿ. ಆಮೇಲೆ ಡಿ ಹ್ಯಾವಿಲೆಂಡ್ ಕಂಪನಿ ಸೇರಿ ದೂರದ ಪ್ರಯಾಣಗಳನ್ನು ಶುರು ಮಾಡಿದ. ಲಂಡನ್ನಿನಿಂದ ರಂಗೂನ್, ಕೇಪ್‌ಟೌನ್, ಕೊನೆಗೆ ಆಸ್ಟ್ರೇಲಿಯಾ.

ಈ ಮೂರೂ ಪ್ರಯಾಣಗಳಲ್ಲಿ ಜೊತೆಗಿದ್ದವನು ಎಂಜಿನಿಯರ್ ಆರ್ಥರ್ ಎಲಿಯಟ್. ಆಸ್ಟ್ರೇಲಿಯಾಕ್ಕೆ ಹೋಗುವಾಗ, ಬಾಗ್ದಾದಿನಿಂದ ಬಸ್ರಾ ಕಡೆಗೆ ಕೆಳಮಟ್ಟದಲ್ಲಿ ಹಾರುತ್ತಿದ್ದಾಗ ನೆಲದಿಂದ ಯಾರೋ ಹಾರಿಸಿದ ಗುಂಡು ಎಲಿಯಟ್‌ಗೆ ತಗುಲಿತು. ಬಸ್ರಾ ತಲುಪಿದರೂ ಆತ ಉಳಿಯಲಿಲ್ಲ. ಪ್ರಯಾಣವನ್ನೇ ಬಿಟ್ಟುಬಿಡಬೇಕು ಅನ್ನಿಸಿತ್ತು ಕೋಬಮ್‌ಗೆ. ಬ್ರಿಟಿಷ್ ವಾಯುಪಡೆಯ ಸಾರ್ಜೆಂಟ್ ಒಬ್ಬನನ್ನು ಎಲಿಯಟ್ ಜಾಗಕ್ಕೆ ಕರೆದುಕೊಂಡು ಮುಂದೆ ಹೋದ. ಥೇಮ್ಸ್ ದಡದಲ್ಲಿ ಚಪ್ಪಾಳೆ ತಟ್ಟಿದವರಲ್ಲಿ ಎಷ್ಟು ಜನಕ್ಕೆ ಎಲಿಯಟ್ ನೆನಪಾದನೋ!

ಈ ಪ್ರಯಾಣಗಳು ಕಲಿಸಿದ ಪಾಠ ಒಂದೇ. ದೂರ ಹೋಗಬೇಕಾದರೆ ಪದೇ ಪದೇ ಇಳಿಯಬೇಕು. ಇಳಿದಲ್ಲೆಲ್ಲ ಇಂಧನ ಇರಬೇಕು, ಸರಿಯಾದ ನೆಲ ಇರಬೇಕು. ಹಾಗಾದರೆ ಟ್ಯಾಂಕನ್ನೇ ದೊಡ್ಡದು ಮಾಡಿದರಾಯ್ತಲ್ಲ ಅಂತ ನಮಗನ್ನಿಸಬಹುದು. ಆಗಲ್ಲ. ವಿಮಾನ ಹೆಚ್ಚು ತಿಣುಕೋದು ಓಡುದಾರಿಯಿಂದ ಮೇಲೇಳುವಾಗ. ಒಮ್ಮೆ ಮೇಲೇರಿ ವೇಗ ಹಿಡಿದರೆ, ನೆಲದಿಂದ ಎತ್ತಲಾರದಷ್ಟು ಭಾರವನ್ನೂ ಅದೇ ರೆಕ್ಕೆ ಹೊತ್ತುಕೊಂಡು ಹೋಗುತ್ತೆ. ಅಂದರೆ ಟ್ಯಾಂಕ್ ಅರೆಖಾಲಿ ಇಟ್ಟುಕೊಂಡು, ಪ್ರಯಾಣಿಕರನ್ನೂ ಟಪಾಲನ್ನೂ ತುಂಬಿಕೊಂಡು ಮೇಲೇಳಬೇಕು. ಇಂಧನವನ್ನು ಮೇಲೆ ಹೋದ ಮೇಲೆ ತುಂಬಿಸಿಕೊಳ್ಳಬೇಕು. ಎಷ್ಟು ಸರಳ ನೋಡಿ. ಇದು ಕೋಬಮ್ ಕಂಡುಹಿಡಿದದ್ದೇನೂ ಅಲ್ಲ. ಅಮೆರಿಕದ ಸೇನೆಯವರು 1923ರಲ್ಲೇ ಹೋಸ್ ಪೈಪ್ ಇಳಿಬಿಟ್ಟು ತುಂಬಿಸಿ ತೋರಿಸಿದ್ದರು. ಆದರೆ ಅದು ಹೆಚ್ಚು ಹೊತ್ತು ಹಾರುವ ದಾಖಲೆಗಳ ಆಟವಾಗಿಯೇ ಉಳಿಯಿತು. ದಿನನಿತ್ಯದ ಸೇವೆ ಮಾಡಬಹುದು ಅಂತ ಹಠ ಹಿಡಿದವನು ಕೋಬಮ್.

ಹಠಕ್ಕೆ ದುಡ್ಡು ಬೇಕಲ್ಲ? 1932ರಿಂದ 1935ರವರೆಗೆ ಊರೂರಿಗೆ ವಿಮಾನಗಳ ತಂಡ ಕಟ್ಟಿಕೊಂಡು ಹೋಗಿ ಪ್ರದರ್ಶನ ಕೊಡುತ್ತಿದ್ದ. ಜನ ಅದಕ್ಕೆ ಕೋಬಮ್ ಸರ್ಕಸ್ ಅಂತಲೇ ಕರೆದರು. ಬ್ರಿಟನ್ನಿನಲ್ಲಿ ಎಷ್ಟೋ ಜನ ಮೊದಲ ಸಲ ವಿಮಾನ ಹತ್ತಿದ್ದು ಅಲ್ಲೇ.

1934ರ ಸೆಪ್ಟೆಂಬರ್ 22. ಇಂಗ್ಲೆಂಡಿನಿಂದ ಎಲ್ಲೂ ಇಳಿಯದೆ ಇಂಡಿಯಾಕ್ಕೆ, ಅಂದರೆ ಆಗಿನ ಕರಾಚಿಗೆ, ದಾರಿಯಲ್ಲಿ ಗಾಳಿಯಲ್ಲೇ ಇಂಧನ ತುಂಬಿಸಿಕೊಳ್ಳುತ್ತಾ ಹೋಗೋದು ಅಂತ ಕೋಬಮ್ ಹೊರಟ. ಜೊತೆಗಾರ ಹೆಲ್ಮೋರ್ ವಿಮಾನದ ಮಾಡಿನ ಕಿಂಡಿಯಿಂದ ಮೈ ಹೊರಗೆ ಹಾಕಿ, ಮೇಲಿನ ವಿಮಾನದಿಂದ ನೇತಾಡುವ ಪೈಪನ್ನು ಕೈಯಲ್ಲಿ ಹಿಡಿಯಬೇಕು. ಇಂಗ್ಲೆಂಡಿನ ಮೇಲೆ ಒಮ್ಮೆ, ಮಾಲ್ಟಾದ ಹತ್ತಿರ ಇನ್ನೊಮ್ಮೆ ಇಂಧನ ಸಿಕ್ಕಿತು. ಇನ್ನೇನು ಮುಂದೆ ಹೋಗಬೇಕು, ಥ್ರಾಟಲ್ ಜೋಡಣೆ ಕಳಚಿಕೊಂಡಿತು. ಕಾರಣ ಒಂದು ಸ್ಪ್ಲಿಟ್ ಪಿನ್! ವರ್ಕ್‌ಶಾಪ್ ಲ್ಯಾಬಿನಲ್ಲಿ ನಾವು ನೆಲದ ಮೇಲೆ ಬಿದ್ದರೂ ಹೆಕ್ಕದ ವಸ್ತು. ಚಕ್ರ ಇಳಿಸದೆ ಹೊಟ್ಟೆಯ ಮೇಲೆಯೇ ಮಾಲ್ಟಾದಲ್ಲಿ ಇಳಿದು ಇಬ್ಬರೂ ಬದುಕಿಕೊಂಡರು.

ಆದರೆ ಬೆಳಿಗ್ಗೆ ಇಂಗ್ಲೆಂಡಿನಲ್ಲಿ ಇಂಧನ ಕೊಟ್ಟ ಟ್ಯಾಂಕರ್ ವಿಮಾನ ಅದೇ ದಿನ ಆಸ್ಟನ್ ಕ್ಲಿಂಟನ್ ಎಂಬ ಹಳ್ಳಿಯ ಬಳಿ ಬಿದ್ದುಹೋಗಿತ್ತು. ಬಾಲದ ಭಾಗದ ಒಂದು ಬೋಲ್ಟ್ ತುಂಡಾಗಿ, ಒಳಗಿದ್ದ ನಾಲ್ಕೂ ಜನ ಸತ್ತರು. ಪಿನ್ ಒಂದು ಕಡೆ, ಬೋಲ್ಟ್ ಇನ್ನೊಂದು ಕಡೆ. ಇಂಧನ ತುಂಬಿಸುವ ವಿಧಾನಕ್ಕೂ ಈ ಎರಡಕ್ಕೂ ಸಂಬಂಧವೇ ಇರಲಿಲ್ಲ.

ಆ ದಿನವೇ ಈತ ಈ ಹುಚ್ಚನ್ನು ಬಿಟ್ಟಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಬಿಡಲಿಲ್ಲ. ಒಂದೂವರೆ ತಿಂಗಳೂ ಆಗಿರಲಿಲ್ಲ, ಅಕ್ಟೋಬರ್ 29ಕ್ಕೆ ಫ್ಲೈಟ್ ರೀಫ್ಯೂಯೆಲಿಂಗ್ ಲಿಮಿಟೆಡ್ ಅಂತ ಕಂಪನಿ ನೋಂದಣಿ ಮಾಡಿಸಿದ. ಇದು ಛಲವೋ ಮೊಂಡುತನವೋ ಅಂತ ನಮ್ಮ ಸಂಪಾದಕ ಬಳಗದಲ್ಲೇ ಜಗಳ ಆಗಿದೆ, ಇನ್ನೂ ಮುಗಿದಿಲ್ಲ.

ಕೈಯಲ್ಲಿ ಪೈಪ್ ಹಿಡಿಯೋ ವಿಧಾನ ನಡೆಯೋದಿಲ್ಲ ಅನ್ನೋದಂತೂ ಸ್ಪಷ್ಟವಾಗಿತ್ತು. ವಾಯುಪಡೆಯ ಅಧಿಕಾರಿ ರಿಚರ್ಡ್ ಆಚರ್ಲಿ ಪೇಟೆಂಟ್ ಮಾಡಿದ್ದ ಒಂದು ಉಪಾಯವನ್ನು ಕೋಬಮ್ ಕೊಂಡುಕೊಂಡ. ಇಂಧನ ಬೇಕಾದ ವಿಮಾನ ತುದಿಯಲ್ಲಿ ಕೊಕ್ಕೆ ಇರುವ ಹಗ್ಗವನ್ನು ಹಿಂದೆ ಎಳೆಯುತ್ತಾ ಹಾರುತ್ತೆ. ಟ್ಯಾಂಕರ್ ತನ್ನ ಹಗ್ಗವನ್ನು ಅದಕ್ಕೆ ಅಡ್ಡಲಾಗಿ ಹಾರಿಸುತ್ತೆ. ಎರಡೂ ಸಿಕ್ಕಿಕೊಂಡ ಮೇಲೆ ಹಗ್ಗದ ಹಿಂದೆ ಪೈಪ್ ಬರುತ್ತೆ, ಟ್ಯಾಂಕರ್ ಸ್ವಲ್ಪ ಮೇಲೆ ಹಾರಿದರೆ ಇಂಧನ ತಾನಾಗಿಯೇ ಕೆಳಗೆ ಹರಿಯುತ್ತೆ. ಪಂಪು ಕೂಡ ಬೇಡ, ಗುರುತ್ವವೇ ಸಾಕು. ಬಾವಿಯಲ್ಲಿ ಬಿದ್ದ ಕೊಡವನ್ನು ಪಾತಾಳಗರಡಿಯಿಂದ ಹುಡುಕಿ ಎತ್ತೋದನ್ನು ನೋಡಿದವರಿಗೆ ಇದು ಬೇಗ ಅರ್ಥವಾದೀತು.

1939ರ ಆಗಸ್ಟ್ 5ರಂದು ಇಂಪೀರಿಯಲ್ ಏರ್‌ವೇಸಿನ ಕ್ಯಾಬಟ್ ಎಂಬ ಹಾರುದೋಣಿ ಟಪಾಲು ಹೊತ್ತು ಹೀಗೆ ಇಂಧನ ತುಂಬಿಸಿಕೊಂಡೇ ಅಟ್ಲಾಂಟಿಕ್ ದಾಟಿತು. ಸೆಪ್ಟೆಂಬರ್ ಕೊನೆಯೊಳಗೆ 16 ಸಲ ಸಾಗರ ದಾಟಿದ್ದಾಯ್ತು. ಕೋಬಮ್ ಕನಸು ಕಂಡಿದ್ದು ಇದನ್ನೇ. ಆದರೆ ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಗಿತ್ತು; ಸೇವೆ ನಿಂತುಹೋಯಿತು. ಮುಂದೆ ಪ್ರಯಾಣಿಕರ ವಿಮಾನಗಳೇ ಒಂದೇ ಹಾರಾಟಕ್ಕೆ ಸಾಗರ ದಾಟುವಷ್ಟು ಬೆಳೆದವು, ಆ ಗಿರಾಕಿ ಮತ್ತೆ ಬರಲೇ ಇಲ್ಲ.

ಯುದ್ಧ ನಡೆಯುತ್ತಿದ್ದಾಗಲಾದರೂ ವಾಯುಪಡೆಗೆ ಇದು ಬೇಕಾಗಿತ್ತಾ? ಬಹುಕಾಲ ಬೇಡವಾಗಿತ್ತು. ಕೊನೆಗೆ ಜಪಾನಿನ ಮೇಲಿನ ದಾಳಿಗೆ ನೂರಾರು ಲ್ಯಾಂಕಾಸ್ಟರ್ ವಿಮಾನಗಳಿಗೆ ಈ ಸಲಕರಣೆ ಹಾಕಿಸುವ ಯೋಜನೆ ಬಂತು, ಕೆಲಸ ಶುರುವಾದ ಮೇಲೆ ರದ್ದಾಯ್ತು. 1948ರಲ್ಲಿ ಸೋವಿಯತ್ ಪಡೆಗಳು ಬರ್ಲಿನ್ನಿಗೆ ಹೋಗುವ ದಾರಿಗಳನ್ನು ಮುಚ್ಚಿದಾಗ ಕೋಬಮ್ ಕಂಪನಿಗೆ ಸಿಕ್ಕಿದ್ದು ಬೇರೆಯೇ ಕೆಲಸ. ಅದರ ಲ್ಯಾಂಕಾಸ್ಟ್ರಿಯನ್ ವಿಮಾನಗಳು ಜುಲೈ 27ರಿಂದ ಆ ನಗರಕ್ಕೆ ಇಂಧನ ಸಾಗಿಸಿದವು, ನಾಲ್ಕು ಸಾವಿರಕ್ಕೂ ಹೆಚ್ಚು ಸಲ. ಆ ನವೆಂಬರಿನಲ್ಲಿ ಅಲ್ಲಿಂದ ಮರಳುತ್ತಿದ್ದ ಒಂದು ವಿಮಾನ ಇಂಗ್ಲೆಂಡಿನಲ್ಲೇ ಬಿದ್ದು ಕಂಪನಿಯ 7 ಜನ ತೀರಿಹೋದರು.

ಅದೇ ವರ್ಷ ಬಾಗಿಲು ತಟ್ಟಿದವರು ಅಮೆರಿಕದ ವಾಯುಪಡೆಯವರು. ಅಣುಬಾಂಬ್ ಹೊರುವ ವಿಮಾನಗಳು ಭೂಮಿಯ ಯಾವ ಮೂಲೆಗಾದರೂ ಮುಟ್ಟಬೇಕು ಅನ್ನೋದು ಅವರ ಲೆಕ್ಕ. ಕೋಬಮ್ ಕಂಪನಿಯ ಸಲಕರಣೆ ಕೊಂಡರು. 1949ರ ಮಾರ್ಚ್ 2ರಂದು ಲಕ್ಕಿ ಲೇಡಿ 2 ಎಂಬ ಬಿ-50 ಬಾಂಬರ್, ನಾಲ್ಕು ಸಲ ಗಾಳಿಯಲ್ಲೇ ಇಂಧನ ತುಂಬಿಸಿಕೊಂಡು, 94 ಗಂಟೆಯಲ್ಲಿ ಎಲ್ಲೂ ಇಳಿಯದೆ ಭೂಮಿಯನ್ನು ಸುತ್ತಿ ಬಂತು. ಟಪಾಲು ದಾಟಿಸಲು ಮಾಡಿದ ಪೈಪು ಬಾಂಬರುಗಳ ಕೈ ಉದ್ದ ಮಾಡಿತು. ಇದನ್ನು ಓದಿ ನಮಗೆ ಒಂಥರಾ ಕಸಿವಿಸಿ ಆಗಿದ್ದು ನಿಜ. ಆದರೆ ಸಂಬಳ ಕೊಡಬೇಕಾದ ಕಂಪನಿಗೆ ಬೇರೆ ದಾರಿ ಯಾವುದಿತ್ತು ಅಂತಲೂ ಕೇಳಿಕೊಂಡೆವು.

ಹಗ್ಗ-ಕೊಕ್ಕೆಯ ವಿಧಾನಕ್ಕೆ ವಿಮಾನದೊಳಗೆ ಇನ್ನೊಬ್ಬ ಮನುಷ್ಯ ಬೇಕು. ಒಬ್ಬನೇ ಕೂರುವ ಯುದ್ಧವಿಮಾನಕ್ಕೆ ಏನು ಮಾಡೋದು? 1949ರಲ್ಲೇ ಕೋಬಮ್ ತಂಡ ಉತ್ತರ ಕಂಡುಕೊಂಡಿತು. ಟ್ಯಾಂಕರಿನ ಪೈಪಿನ ತುದಿಗೆ ಲಾಳಿಕೆಯಂಥ ಬುಟ್ಟಿ. ಗಾಳಿಯ ಎಳೆತ ಅದನ್ನು ಹಿಂದಕ್ಕೆ ನೆಟ್ಟಗೆ ಹಿಡಿದಿರುತ್ತೆ. ಹಿಂದಿನ ವಿಮಾನದ ಮೂತಿಯಲ್ಲಿ ಒಂದು ಕೊಳವೆ. ಪೈಲಟ್ ಅದನ್ನು ಬುಟ್ಟಿಯೊಳಗೆ ಚುಚ್ಚಿದರೆ ವಾಲ್ವ್ ತೆರೆಯುತ್ತೆ, ಹಿಂದೆ ಸರಿದರೆ ಮುಚ್ಚುತ್ತೆ. ಅಷ್ಟೇ. ಆಗಸ್ಟ್ 7ರಂದು ಮೀಟಿಯರ್ ಜೆಟ್ ಒಂದು ಹೀಗೆ 10 ಸಲ ಇಂಧನ ಪಡೆದು 12 ಗಂಟೆ 3 ನಿಮಿಷ ಗಾಳಿಯಲ್ಲೇ ಇತ್ತು. ಹಾಗಿದ್ದೂ ಬ್ರಿಟನ್ನಿನ ಸ್ವಂತ ವಾಯುಪಡೆ ಇದನ್ನು ದಿನಬಳಕೆಗೆ ತಂದಿದ್ದು ಮುಂದಿನ ದಶಕದ ಕೊನೆಗೆ. ಹಿತ್ತಲ ಗಿಡ ಮದ್ದಲ್ಲ ಅನ್ನೋದು ಅಲ್ಲೂ ಇದೆ ಅಂತಾಯ್ತು!

ಕೋಬಮ್ 1969ರಲ್ಲಿ ಕಂಪನಿಯನ್ನು ಮಗ ಮೈಕೇಲ್‌ಗೆ ವಹಿಸಿ, 1973ರ ಅಕ್ಟೋಬರ್ 21ರಂದು ತೀರಿಕೊಂಡ. 1982ರಲ್ಲಿ ಫಾಕ್‌ಲೆಂಡ್ಸ್ ಯುದ್ಧದಲ್ಲಿ ಒಂದು ವಲ್ಕನ್ ಬಾಂಬರನ್ನು ಗುರಿ ಮುಟ್ಟಿಸಲು 11 ವಿಕ್ಟರ್ ಟ್ಯಾಂಕರುಗಳು ಹೊರಟಿದ್ದನ್ನು ಆತ ನೋಡಲಿಲ್ಲ. 1994ರಲ್ಲಿ ಕಂಪನಿಗೆ ಅವನ ಹೆಸರನ್ನೇ ಇಟ್ಟರು. ಇಂಧನ ತುಂಬಿಸುವ ಸಲಕರಣೆಯ ಆ ವಿಭಾಗವನ್ನು 2021ರಲ್ಲಿ ಈಟನ್ ಕಂಪನಿ ಕೊಂಡುಕೊಂಡಿತು.

ಆ ಕೊಳವೆ ನಮ್ಮೂರಿಗೂ ಬಂದಿದೆ. ಬೆಂಗಳೂರಿನ ಎಚ್‌ಎಎಲ್ ಕಟ್ಟುವ ತೇಜಸ್ ವಿಮಾನಕ್ಕೆ ಇಂಧನ ತುಂಬಿಸಿಕೊಳ್ಳುವ ಕೊಳವೆ ಬಂದಿದ್ದು ಕೋಬಮ್ ಕಂಪನಿಯಿಂದಲೇ. 2018ರ ಸೆಪ್ಟೆಂಬರ್ 10ರಂದು, 20,000 ಅಡಿ ಎತ್ತರದಲ್ಲಿ, ತೇಜಸ್ ಮೊದಲ ಸಲ ಟ್ಯಾಂಕರ್ ಒಂದರಿಂದ 1,900 ಕಿಲೋ ಇಂಧನ ತುಂಬಿಸಿಕೊಂಡಿತು. ಮುಂದಿನ ಏರೋ ಇಂಡಿಯಾಕ್ಕೆ ಯಲಹಂಕಕ್ಕೆ ಹೋದರೆ ತೇಜಸ್‌ನ ಮೂತಿಯ ಬಲಬದಿ ನೋಡಿ. ಒಳಗೆ ಮಡಚಿಕೊಳ್ಳದೆ, ಹೊರಗೇ ಚಾಚಿಕೊಂಡಿರುತ್ತೆ.