ರೇಖೆಯ ಕಾಯಕಯೋಗಿ ಪೀಟರ್ ಸಾನ್ರೆಡಾಮ್

ಕಲಬುರಗಿ ಸೀಮೆಯ ಮಠ, ಶಾಲೆ, ವಾಡೆಗಳ ನೆಲಕ್ಕೆ ಶಹಾಬಾದದ ಫರಸಿ ಕಲ್ಲನ್ನು ಹಾಸುವುದು ಬಹುಕಾಲದ ರೂಢಿ. ಸಾಲಾಗಿ ಹಾಸಿದ ಆ ಕಲ್ಲುಗಳೆಲ್ಲವೂ ಒಂದೇ ಅಳತೆಯವು. ಆದರೂ ಪಡಸಾಲೆಯ ಒಂದು ತುದಿಯಲ್ಲಿ ಕುಳಿತು ನೋಡುವವನ ಕಣ್ಣಿಗೆ ಹತ್ತಿರದ ಕಲ್ಲು ಅಗಲವಾಗಿಯೂ ದೂರದ ಕಲ್ಲು ಕಿರಿದಾಗಿಯೂ ತೋರುತ್ತದೆ. ಕಲ್ಲುಗಳ ಸಂದುಗೆರೆಗಳು, ಇಕ್ಕೆಲದ ಕಂಬಗಳು, ಮೇಲಿನ ತೊಲೆಗಳು ದೂರ ಸರಿದಂತೆಲ್ಲ ಒಂದೆಡೆಗೆ ಕೂಡಿಬರುವಂತೆ ಭಾಸವಾಗುತ್ತದೆ. ಈ ತೋರಿಕೆಗೆ ಒಂದು ಕಟ್ಟುನಿಟ್ಟಾದ ನಿಯಮವಿದೆ. ಚಿತ್ರಕಲಾ ಶಿಕ್ಷಕರು ಪರ್‌ಸ್ಪೆಕ್ಟಿವ್ ಎಂದು ಕರೆಯುವ ಯಥಾದರ್ಶನ ಶಾಸ್ತ್ರವೇ ಆ ನಿಯಮದ ವಿವರಣೆ. 15ನೆಯ ಶತಮಾನದ ಆರಂಭದಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ವಾಸ್ತುಶಿಲ್ಪಿ ಬ್ರುನೆಲೆಸ್ಕಿ ಇದನ್ನು ಪ್ರಯೋಗದಿಂದ ತೋರಿಸಿಕೊಟ್ಟನು. 1435ರಲ್ಲಿ ಆಲ್ಬರ್ಟಿ ಎಂಬ ವಿದ್ವಾಂಸನು ಗ್ರಂಥರೂಪಕ್ಕೆ ತಂದನು. ಆ ಶಾಸ್ತ್ರವನ್ನು ಕಟ್ಟಡಗಳ ಒಳಾಂಗಣಕ್ಕೆ ಅನ್ವಯಿಸಿ, ಎದುರಿಗಿದ್ದುದನ್ನು ನೋಡಿ, ಅಳೆದು ಬರೆಯುವುದನ್ನೇ ಬಾಳಿನ ಕಾಯಕವನ್ನಾಗಿ ಮಾಡಿಕೊಂಡ ಮಹಾಕಲಾವಿದನೇ ಹಾಲೆಂಡಿನ ಪೀಟರ್ ಸಾನ್ರೆಡಾಮ್.

ಸಾನ್ರೆಡಾಮ್ ಹುಟ್ಟಿದುದು 1597ನೆಯ ಜೂನ್ 9ರಂದು, ಆಸೆಂಡೆಲ್ಫ್ಟ್ ಎಂಬ ಹಳ್ಳಿಯಲ್ಲಿ. ತಂದೆ ಯಾನ್ ಸಾನ್ರೆಡಾಮ್ ತಾಮ್ರದ ತಗಡಿನ ಮೇಲೆ ಚಿತ್ರ ಕೊರೆದು ಅಚ್ಚು ತೆಗೆಯುವ ವಿದ್ಯೆಯಲ್ಲಿ ಹೆಸರಾದವನು. ಸೂಜಿಯ ಮೊನೆಯಷ್ಟು ಸೂಕ್ಷ್ಮವಾದ ಗೆರೆಗಳ ನಡುವೆಯೇ ಬಾಲಕನ ಎಳವೆ ಕಳೆಯಿತು. ಆದರೆ ಆ ಭಾಗ್ಯ ಬಹುಕಾಲ ಉಳಿಯಲಿಲ್ಲ. 1607ರಲ್ಲಿ ತಂದೆ ತೀರಿಕೊಂಡಾಗ ಪೀಟರನಿಗೆ ಹತ್ತು ವರ್ಷವೂ ಸರಿಯಾಗಿ ತುಂಬಿರಲಿಲ್ಲ. ತಂದೆಯನ್ನು ಹುಟ್ಟೂರಿನ ಚರ್ಚಿನೊಳಗೆ ಸಮಾಧಿ ಮಾಡಲಾಯಿತು. ತಾಯಿ ಮಗನನ್ನು ಕರೆದುಕೊಂಡು ಹಾರ್ಲೆಮ್ ನಗರಕ್ಕೆ ಬಂದು ನೆಲೆಸಿದಳು.

1612ರಲ್ಲಿ ಪೀಟರನು ಫ್ರಾನ್ಸ್ ದ ಗ್ರೆಬರ್ ಎಂಬ ಚಿತ್ರಕಾರನ ಬಳಿ ಶಿಷ್ಯನಾಗಿ ಸೇರಿದನು. ಹತ್ತು ವರ್ಷಗಳ ದೀರ್ಘ ಗುರುಸೇವೆ ಅದು. 1623ರಲ್ಲಿ ನಗರದ ಚಿತ್ರಕಾರರ ಸಂಘ ಆತನನ್ನು ಸದಸ್ಯನನ್ನಾಗಿ ಸ್ವೀಕರಿಸಿತು. ಮಿತ್ರನೂ ಪ್ರಖ್ಯಾತ ವಾಸ್ತುಶಿಲ್ಪಿಯೂ ಆದ ಯಾಕಬ್ ಫಾನ್ ಕಾಂಪೆನ್ 1628ರಲ್ಲಿ ಬರೆದ ಆತನ ಭಾವಚಿತ್ರವೊಂದು ಉಳಿದುಬಂದಿದೆ. ಅದರಲ್ಲಿ ಕಾಣುವುದು ಬೆನ್ನು ಬಾಗಿದ, ಕುಳ್ಳಾದ ದೇಹ. ಮನುಷ್ಯರ ಕಣ್ಣಿಗೆ ಊನವೆಂದು ತೋರುವ ಆ ದೇಹದಲ್ಲಿ, ಕೂದಲೆಳೆಯಷ್ಟೂ ವಾಲದ ನೇರ ಗೆರೆಯನ್ನು ಎಳೆಯಬಲ್ಲ ಕೈಯೂ, ನೋಡಿದುದನ್ನು ತೂಗಿ ನೋಡುವ ಬುದ್ಧಿಯೂ ನೆಲೆಸಿದ್ದವು.

ಸಾನ್ರೆಡಾಮನಿಗೆ ಮುಂಚೆಯೂ ಚರ್ಚುಗಳ ಒಳಾಂಗಣವನ್ನು ಬರೆದ ಚಿತ್ರಕಾರರಿದ್ದರು. ಆದರೆ ಅವರಲ್ಲಿ ಬಹುಮಂದಿ ಯಥಾದರ್ಶನದ ಚಮತ್ಕಾರವನ್ನು ತೋರುವುದಕ್ಕಾಗಿ ಎಲ್ಲಿಯೂ ಇಲ್ಲದ ಕಾಲ್ಪನಿಕ ಸಭಾಂಗಣಗಳನ್ನು ಕಟ್ಟುತ್ತಿದ್ದರು. ಹಾರ್ಲೆಮಿನ ಚರಿತ್ರೆಯನ್ನು ಕುರಿತ ಗ್ರಂಥವೊಂದು 1628ರಲ್ಲಿ ಅಚ್ಚಾಯಿತು. ಅದಕ್ಕಾಗಿ ನಗರದ ಸೇಂಟ್ ಬಾವೊ ಮಹಾಚರ್ಚಿನ ಒಳನೋಟವನ್ನು ಬರೆಯುವ ಕೆಲಸ ಈ ತರುಣನ ಪಾಲಿಗೆ ಬಂದಿತು. ಇರುವ ಕಟ್ಟಡವನ್ನು ಇದ್ದಂತೆ ಬರೆಯಬೇಕಾದ ಆ ಕೆಲಸವೇ ಆತನ ಬಾಳಿನ ದಾರಿಯನ್ನು ತಿರುಗಿಸಿತು. ಅದೇ ವರ್ಷ ಆ ಚರ್ಚಿನ ಒಳಾಂಗಣವನ್ನು ತೈಲವರ್ಣದಲ್ಲಿಯೂ ಬರೆದನು. ಅಂದಿನಿಂದ ಕೊನೆಯವರೆಗೆ ಆತನ ಮುಖ್ಯ ವಿಷಯ ಕಟ್ಟಡಗಳೇ ಆದವು.

ಆತನ ಕಾರ್ಯಕ್ರಮ ಮೂರು ಹಂತಗಳದು. ಮೊದಲನೆಯದಾಗಿ ಆತನು ಚರ್ಚಿನೊಳಗೆ ಒಂದು ಸ್ಥಳವನ್ನು ಗೊತ್ತುಮಾಡಿಕೊಂಡು ಕುಳಿತು, ಕಂಡುದನ್ನು ಅಳತೆಪಟ್ಟಿಯ ನೆರವಿಲ್ಲದೆ ಬರಿಗೈಯಿಂದ ಕಾಗದಕ್ಕೆ ಇಳಿಸುತ್ತಿದ್ದನು. ಯಾವ ಊರು, ಯಾವ ಚರ್ಚು, ಯಾವ ದಿನ ಎಂಬುದನ್ನು ಅದರ ಮೇಲೆಯೇ ಬರೆದಿಡುತ್ತಿದ್ದನು. ಜೊತೆಗೆ ಕಂಬಗಳ ದಪ್ಪ, ಅವುಗಳ ನಡುವಣ ಅಂತರ, ಕಮಾನುಗಳ ಎತ್ತರ ಮುಂತಾದವುಗಳ ಅಳತೆಯನ್ನು ತೆಗೆದುಕೊಳ್ಳುತ್ತಿದ್ದನು. ಎರಡನೆಯ ಹಂತ ಮನೆಯಲ್ಲಿ ನಡೆಯುವಂಥದು. ಅದು ಕೆಲವೊಮ್ಮೆ ಹಲವು ವರ್ಷಗಳ ತರುವಾಯ ನಡೆದುದೂ ಉಂಟು. ಆಗ ಅಳತೆಪಟ್ಟಿ, ಕೈವಾರಗಳನ್ನು ಹಿಡಿದು ಹೊಸದೊಂದು ರಚನಾಚಿತ್ರವನ್ನು ಸಿದ್ಧಪಡಿಸುತ್ತಿದ್ದನು. ನೋಡುವವನ ಕಣ್ಣಿನ ಎತ್ತರಕ್ಕೆ ಸರಿಯಾಗಿ ಒಂದು ಅಡ್ಡಗೆರೆ. ಆ ಗೆರೆಯ ಮೇಲೆ ಕಣ್ಣಿಗೆ ನೇರವಾಗಿ ಒಂದು ಬಿಂದು. ನೋಡುವವನಿಂದ ನೇರವಾಗಿ ದೂರ ಸರಿಯುವ ಅಂಚುಗಳೆಲ್ಲವೂ ಬಂದು ಸೇರುವುದು ಆ ಒಂದೇ ಬಿಂದುವಿನಲ್ಲಿ. ಆದರೆ ಸಾಲುಕಂಬಗಳು ಎಷ್ಟೆಷ್ಟು ಬೇಗ ಕಿರಿದಾಗಬೇಕು? ಅದನ್ನು ನಿರ್ಧರಿಸುವುದು ನೋಡುವವನು ನಿಂತ ದೂರ. ಆದುದರಿಂದ ಸಾನ್ರೆಡಾಮನು ಕಣ್ಣಿನ ಎತ್ತರ ಎಷ್ಟು ಅಡಿ, ದೂರ ಎಷ್ಟು ಅಡಿ ಎಂಬುದನ್ನೂ ಚಿತ್ರದ ಮೇಲೆ ದಾಖಲಿಸುತ್ತಿದ್ದನು. ಮೂರನೆಯ ಹಂತದಲ್ಲಿ ರಚನಾಚಿತ್ರದ ಹಿಂಬದಿಗೆ ಕಪ್ಪು ಬಳಿದು, ಮರದ ಹಲಗೆಯ ಮೇಲಿಟ್ಟು, ಗೆರೆಗಳನ್ನು ಮೊನೆಯಿಂದ ತೀಡಿ ಪಡಿಯಚ್ಚು ಇಳಿಸಿ, ಆಮೇಲೆ ತೆಳುವಾಗಿ ಬಣ್ಣ ತುಂಬುತ್ತಿದ್ದನು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕಣ್ಣಿನ ಮೇಲಿನ ನಂಬಿಕೆಯಿಂದ ಆತನು ಅಳತೆಯನ್ನು ಬಿಡಲಿಲ್ಲ. ಅಳತೆಯ ಮೇಲಿನ ನಂಬಿಕೆಯಿಂದ ಕಣ್ಣನ್ನು ಮುಚ್ಚಿಕೊಳ್ಳಲೂ ಇಲ್ಲ. ತೀರ ಹತ್ತಿರ ಕುಳಿತು ಅಗಲವಾದ ನೋಟವನ್ನು ಬರೆಯುವಾಗ ಶಾಸ್ತ್ರದ ನಿಯಮವನ್ನು ಅಕ್ಷರಶಃ ಪಾಲಿಸಿದರೆ ಅಂಚಿನ ವಸ್ತುಗಳು ಎಳೆದಂತಾಗಿ ವಿಕಾರವಾಗುತ್ತವೆ. ಅಂಥ ಕಡೆ ಆತನು ತನ್ನ ಕಣ್ಣಿಗೆ ಒಪ್ಪುವಂತೆ ತಿದ್ದಿಕೊಂಡನು. ಕೆಲವು ತೈಲಚಿತ್ರಗಳಲ್ಲಿ ಕಂಬಗಳನ್ನು ಇದ್ದುದಕ್ಕಿಂತ ಎತ್ತರವಾಗಿ ಬರೆದು, ಬೇಡದ ಪೀಠೋಪಕರಣಗಳನ್ನು ಬಿಟ್ಟುಬಿಟ್ಟನು.

1636ರಲ್ಲಿ ಆತನು ಉಟ್ರೆಕ್ಟ್ ನಗರಕ್ಕೆ ಹೋಗಿ, ಬೇಸಗೆಯಿಂದ ಶರತ್ಕಾಲದವರೆಗೆ ಅಲ್ಲಿಯೇ ಉಳಿದು, ಪ್ರಾಚೀನ ಚರ್ಚುಗಳನ್ನು ಒಂದೊಂದಾಗಿ ಬರೆದನು. ಆ ಕೆಲವೇ ತಿಂಗಳ ರೇಖಾಚಿತ್ರಗಳು ಮುಂದಿನ ಹಲವಾರು ವರ್ಷಗಳ ತೈಲಚಿತ್ರಗಳಿಗೆ ಬಂಡವಾಳವಾದವು. ಅಲ್ಲಿನ ಬ್ಯುರ್ ಚರ್ಚಿನಲ್ಲಿ 1636ರ ಆಗಸ್ಟ್ ತಿಂಗಳಲ್ಲಿ ಬರೆದ ರೇಖಾಚಿತ್ರ 1644ರಲ್ಲಿ ವರ್ಣಚಿತ್ರವಾಗಿ ಮೂಡಿತು. ಅವಸರವೆಂಬುದು ಆತನ ಸ್ವಭಾವದಲ್ಲಿಯೇ ಇರಲಿಲ್ಲ. ಆತನ ಕೈಯಿಂದ ಬಂದು ಇಂದು ಉಳಿದಿರುವ ವರ್ಣಚಿತ್ರಗಳು ಐವತ್ತರ ಆಸುಪಾಸಿನಲ್ಲಿವೆ.

ಆ ಚಿತ್ರಗಳಲ್ಲಿ ಮೊದಲು ಕಣ್ಣನ್ನು ಸೆಳೆಯುವುದು ಸುಣ್ಣದ ಬಿಳುಪು. 16ನೆಯ ಶತಮಾನದ ಧರ್ಮಕ್ರಾಂತಿಯಲ್ಲಿ ಹಾಲೆಂಡಿನ ಚರ್ಚುಗಳಿಂದ ಮೂರ್ತಿಗಳೂ ವೇದಿಕೆಗಳೂ ಹೊರಬಿದ್ದು, ಗೋಡೆಗಳಿಗೆ ಸುಣ್ಣ ಬಳಿಯಲಾಗಿತ್ತು. ಆಡಂಬರವನ್ನು ಕಳಚಿದ ಆ ಬಯಲಿನಲ್ಲಿ ಸಾನ್ರೆಡಾಮನು ಬೆಳಕನ್ನೇ ವಸ್ತುವನ್ನಾಗಿ ಮಾಡಿಕೊಂಡನು. ಬಯಲು, ಬೆಳಕುಗಳೆಂಬ ಮಾತುಗಳನ್ನು ಶರಣರ ಪರಂಪರೆಯಿಂದ ಬಲ್ಲವರಿಗೆ ಆ ಚಿತ್ರಗಳ ಮೌನ ಅಪರಿಚಿತವೆನಿಸದು.

ಆತನ ಕೃತಿಗಳಲ್ಲೆಲ್ಲ ಹೃದಯವನ್ನು ಕಲಕುವಂಥದು ಹುಟ್ಟೂರಾದ ಆಸೆಂಡೆಲ್ಫ್ಟಿನ ಸೇಂಟ್ ಓಡುಲ್ಫಸ್ ಚರ್ಚಿನ ಒಳಾಂಗಣ. 1649ರಲ್ಲಿ ಅದು ಪೂರ್ಣಗೊಂಡಾಗ ಆತನಿಗೆ ಐವತ್ತೆರಡು ವರ್ಷ. ಬಿಳಿಯ ಗೋಡೆಗಳು, ದೂರದಲ್ಲಿ ಪ್ರವಚನ ಕೇಳುತ್ತ ಕುಳಿತ ಸಣ್ಣ ಗುಂಪು. ಚಿತ್ರದ ಮುಂಭಾಗದಲ್ಲಿ ನೆಲದ ಹಾಸುಗಲ್ಲೊಂದರ ಮೇಲೆ ತಂದೆಯ ಹೆಸರು. ಶೋಕದ ಮುಖಗಳಾಗಲಿ ಕಣ್ಣೀರಾಗಲಿ ಅಲ್ಲಿಲ್ಲ. ಹತ್ತನೆಯ ವಯಸ್ಸಿನಲ್ಲಿ ಕಳೆದುಕೊಂಡ ತಂದೆಯ ಸಮಾಧಿಯ ಕಲ್ಲನ್ನು, ಅದು ಕಣ್ಣಿಗೆ ಕಾಣುವ ಓರೆಯಲ್ಲಿ, ಅದರ ಅಳತೆಯಲ್ಲಿ, ಅದರ ಸ್ಥಾನದಲ್ಲಿ ಇರಿಸಿದನು, ಅಷ್ಟೇ. ರೇಖೆ ಕಲಿಸಿದ ತಂದೆಗೆ ಮಗನು ರೇಖೆಯಿಂದಲೇ ಸಲ್ಲಿಸಿದ ಋಣವದು.

ಆಮ್‌ಸ್ಟರ್‌ಡಾಮಿನ ಹಳೆಯ ಪುರಭವನವನ್ನು ಆತನು 1641ರಲ್ಲಿ ರೇಖಾಚಿತ್ರವಾಗಿ ಬರೆದಿಟ್ಟಿದ್ದನು. 1652ರಲ್ಲಿ ಆ ಭವನ ಬೆಂಕಿಗೆ ಆಹುತಿಯಾಯಿತು. ಹದಿನಾರು ವರ್ಷದ ಹಿಂದಿನ ಆ ಕಾಗದವನ್ನು ಮುಂದಿಟ್ಟುಕೊಂಡು 1657ರಲ್ಲಿ ಆತನು ಅದನ್ನು ವರ್ಣಚಿತ್ರವಾಗಿ ಬರೆದಾಗ ನಗರದ ಆಡಳಿತವು 400 ಗಿಲ್ಡರ್ ಕೊಟ್ಟು ಕೊಂಡುಕೊಂಡಿತು. ಬೂದಿಯಾದ ಭವನ ರೇಖೆಯಲ್ಲಿ ಬದುಕಿತು.

1665ರ ಮೇ 31ರಂದು ಸಾನ್ರೆಡಾಮನ ದೇಹವನ್ನು ಹಾರ್ಲೆಮಿನ ಸೇಂಟ್ ಬಾವೊ ಚರ್ಚಿನಲ್ಲಿ ಸಮಾಧಿ ಮಾಡಲಾಯಿತು. ಯಾವ ಕಂಬಗಳನ್ನು ಆತನು ಅಳೆದು ಬರೆದಿದ್ದನೋ ಅವುಗಳ ನೆರಳಿನಲ್ಲಿಯೇ ಆತನಿಗೆ ವಿಶ್ರಾಂತಿ ದೊರೆಯಿತು. ಆದರೆ ಆತನು ಬರೆದ ಎಲ್ಲ ಕಟ್ಟಡಗಳಿಗೂ ಆ ಆಯುಷ್ಯವಿರಲಿಲ್ಲ. ಉಟ್ರೆಕ್ಟಿನ ಮೇರಿ ಚರ್ಚನ್ನು 19ನೆಯ ಶತಮಾನದಲ್ಲಿ ಕೆಡವಲಾಯಿತು. ಪಕ್ಕದ ಕಂಬಸಾಲಿನ ಅಂಗಳವಷ್ಟೇ ಉಳಿಯಿತು. ತಂದೆಯ ಸಮಾಧಿಯಿದ್ದ ಹುಟ್ಟೂರಿನ ಹಳೆಯ ಚರ್ಚೂ ಅದೇ ಶತಮಾನದಲ್ಲಿ ಅಳಿಯಿತು. ಅವು ಒಳಗೆ ಹೇಗಿದ್ದವೆಂದು ತಿಳಿಯಬಯಸುವವರು ಇಂದು ಸಾನ್ರೆಡಾಮನ ಕಾಗದಗಳ ಬಳಿಗೆ ಹೋಗಬೇಕು. 1961ರಲ್ಲಿ ಉಟ್ರೆಕ್ಟ್ ನಗರ ಆತನ ಕೃತಿಗಳ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿ, ತನ್ನ ಚರ್ಚುಗಳನ್ನು ಉಳಿಸಿಕೊಟ್ಟವನನ್ನು ಗೌರವಿಸಿತು. ಸ್ಥಾವರ ಅಳಿಯಿತು, ಕೈಯ ಕಾಯಕ ಉಳಿಯಿತು.

ಈ ಬಾಳಿನಿಂದ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ವಿದ್ಯಾರ್ಥಿಗಳು ಪಡೆಯಬೇಕಾದುದು ಬಹಳಷ್ಟಿದೆ. ಕಲಬುರಗಿಯ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿಯಿದೆ. ತೆರೆದ ಅಂಗಳವಿಲ್ಲದೆ ಇಡಿಯಾಗಿ ಛಾವಣಿ ಹೊದ್ದ ಆ ಕಟ್ಟಡದಲ್ಲಿ ಕಮಾನಿನ ಹಿಂದೆ ಕಮಾನು ಕಿರಿದಾಗುತ್ತ ಸಾಗುವ ನೋಟ ಯಥಾದರ್ಶನದ ಜೀವಂತ ಪಾಠ. ಅಷ್ಟು ದೂರ ಹೋಗಲಾಗದವರಿಗೆ ಊರಿನ ಗುಡಿಯ ಮಂಟಪವಿದೆ, ಮಠದ ಪಡಸಾಲೆಯಿದೆ, ಶಾಲೆಯ ವರಾಂಡವಿದೆ. ಹಳ್ಳಿಹಳ್ಳಿಗಳಲ್ಲಿ ಮರದ ಕಂಬಗಳ ಹಳೆಯ ವಾಡೆಗಳು ಕುಸಿಯುತ್ತಿವೆ. ಅವುಗಳಲ್ಲಿ ಎಷ್ಟರ ಒಳಾಂಗಣವನ್ನು ಯಾರು ಬರೆದಿಟ್ಟಿದ್ದಾರೆ? ಒಂದು ಸೀಸದ ಕಡ್ಡಿ, ಒಂದು ಹಾಳೆ, ಅಳತೆಗೊಂದು ದಾರ, ಒಂದೆಡೆ ಅಲುಗದೆ ಕೂಡುವ ತಾಳ್ಮೆ ಇವಿಷ್ಟಿದ್ದರೆ ಕೆಲಸ ಮೊದಲಾಗುತ್ತದೆ. ಬರೆದ ಹಾಳೆಯ ಮೂಲೆಯಲ್ಲಿ ಊರಿನ ಹೆಸರನ್ನೂ ದಿನಾಂಕವನ್ನೂ ನಮೂದಿಸುವುದನ್ನು ಮಾತ್ರ ಮರೆಯಬಾರದು. ಸಾನ್ರೆಡಾಮನು ಎಂದೂ ಮರೆಯದಿದ್ದ ಆ ಚಿಕ್ಕ ಶಿಸ್ತಿನಿಂದಲೇ ಒಂದು ನಾಡಿನ ನೆನಪು ಉಳಿದುಬಂದಿತು.